ಹಕ್ಕಿ ಕೂರುವ ಕೈ

"ಇನ್ನೊಂಚೂರು ಮೇಲೆ," ಎಂದು ತನಗೆ ತಾನೇ ಹೇಳಿಕೊಂಡ ತಮ್ಮ, ಕುರ್ಚಿಯ ಪೆಡಲನ್ನು ಕಾಲಿನಲ್ಲಿ ಒತ್ತಿದ. ಪುಸ್ ಪುಸ್ ಎನ್ನುತ್ತ ಕುರ್ಚಿ ಏರಿತು. ಅದರಲ್ಲಿ ಕೂತಿದ್ದ ಅವನ ಅಣ್ಣ, ಕತ್ತರಿಯಣ್ಣನೂ ಏರಿದ. ಹಿತ್ತಿಲ ಗೋಡೆಯನ್ನು ಆಗಷ್ಟೇ ದಾಟಿದ ಬಿಸಿಲು ಅವನ ಬಲಗೈ ಮೇಲೆ ಬಿದ್ದ ಕೂಡಲೇ ತಮ್ಮ ಪೆಡಲು ಬಿಟ್ಟ. ಅಣ್ಣನ ಕುತ್ತಿಗೆಗೆ ಹಸಿರು ಬಟ್ಟೆ ಕಟ್ಟಿ ಮೈಯೆಲ್ಲ ಮುಚ್ಚಿದ, ಗಿಡಗಳ ನಡುವೆ ಅವನೂ ಒಂದು ಗಿಡವಾಗಲಿ ಎಂದು. ಬಲಗೈಯನ್ನು ಮಾತ್ರ ಹೊರಗೆಳೆದು ಕುರ್ಚಿಯ ತೋಳಿನ ಮೇಲೆ ಅಂಗಾತ ಇಟ್ಟು, ಡಬ್ಬಿಯಿಂದ ಮೂರು ನಾಲ್ಕು ಹುಳು ಹೆಕ್ಕಿ ಅಂಗೈಯ ಗುಳಿಗೆ ಹಾಕಿದ. ತೌಡಿನಲ್ಲಿ ಸಾಕಿದ ಹಳದಿ ಹುಳುಗಳು. ಜೀವ ಇದ್ದರಷ್ಟೇ ಹಕ್ಕಿಗೆ ರುಚಿ.

"ಅಲ್ಲಾಡಬೇಡ ಅಣ್ಣ," ಎಂದು ಹೇಳಿ ಅಡುಗೆಮನೆಗೆ ಓಡಿದ. ಅಲ್ಲಿ ಕಿಟಕಿಗೆ ಕಪ್ಪು ಪರದೆ, ಪರದೆಯ ತೂತಿನಲ್ಲಿ ಕ್ಯಾಮೆರಾದ ಮೂತಿ.

ಅಲ್ಲಾಡಬೇಡಿ! ಮೂವತ್ತು ವರ್ಷ ಆ ಮಾತನ್ನು ಬೀದಿಗೆಲ್ಲ ಹೇಳಿದವನು ಕತ್ತರಿಯಣ್ಣ. ಇದೇ ಕುರ್ಚಿಯಲ್ಲಿ ಎಂತೆಂಥವರನ್ನೋ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ಎರಡು ಬೆರಳಿನಲ್ಲಿ ತಲೆ ಬಗ್ಗಿಸಿದ್ದ. ಮನೆಯಲ್ಲಿ ಹುಲಿಗಳಂತೆ ಮೆರೆಯುವ ಗಂಡಸರೂ ಅವನ ಕತ್ತಿಯ ಕೆಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕತ್ತರಿಗಿಂತ ಅವನ ನಾಲಿಗೆ ಹರಿತ ಎಂದು ಬೀದಿಯವರೇ ಆ ಹೆಸರಿಟ್ಟಿದ್ದು. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, "ಊರಿನ ಗಂಡಂದಿರನ್ನೆಲ್ಲ ಚಂದ ಮಾಡೋದ್ರಲ್ಲಿ ನಂಗೆ ಪುರುಸೊತ್ತಾಗಲಿಲ್ಲ ಕಣ್ರೀ," ಎನ್ನುತ್ತಿದ್ದ. ಕ್ಷೌರದಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ತಮ್ಮನನ್ನು ಓದಿಸಿ, ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರುವಂತೆ ಮಾಡಿದ್ದೂ ಅದೇ ಕತ್ತರಿ.

ಲಕ್ವ ಹೊಡೆದದ್ದು ಅಂಚೆಯವನ ಗಡ್ಡ ತೆಗೆಯುತ್ತಿದ್ದಾಗ. ಕೈಯಿಂದ ಕತ್ತಿ ಜಾರಿತು, ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಲ್ಲೇ ಉಳಿದ. ಅಂಚೆಯವನು ಅರ್ಧ ಕೆನ್ನೆಯ ನೊರೆಯೊಂದಿಗೇ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ. "ಉಳಿದರ್ಧ ಬೇರೆ ಯಾರ ಕೈಲೂ ತೆಗೆಸಲ್ಲ, ನೀನೇ ತೆಗೀಬೇಕು," ಎಂದು ಹಾಸಿಗೆಯ ಪಕ್ಕ ನಿಂತು ಕಣ್ಣೊರೆಸಿಕೊಂಡ. ಮುಂದಿನ ಸಲ ನೋಡಲು ಬಂದಾಗ ಎರಡೂ ಕೆನ್ನೆ ನುಣ್ಣಗಿದ್ದವು. ಕತ್ತರಿಯಣ್ಣ ಅದನ್ನು ನೋಡಿದ್ದನ್ನು ಅವನೂ ನೋಡಿದ. ಆಮೇಲೆ ಬರಲಿಲ್ಲ.

ಕಾಲು ಎಳೆದೆಳೆದು ನಡೆಯುವಷ್ಟು ಬಂತು. ಮಾತು ಬಾಯೊಳಗೇ ಗಂಟಾಗಿ, ಹತ್ತು ಮಾತಿಗೆ ಒಂದು ಹೊರಗೆ ಬೀಳುತ್ತಿತ್ತು. ಬಲಗೈ ಮಾತ್ರ ಸುಮ್ಮನಾಯಿತು. ಇಟ್ಟ ಕಡೆ ಇಟ್ಟಂತೆ, ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ತಮ್ಮ ಅವನನ್ನು ತನ್ನ ಮನೆಗೆ ಕರೆತಂದ. ಮುಚ್ಚಿದ ಅಂಗಡಿಯಲ್ಲಿ ತುಕ್ಕು ಹಿಡಿಯುತ್ತದೆಂದು ಕುರ್ಚಿಯನ್ನೂ ಗಾಡಿಯಲ್ಲಿ ತಂದ. "ನಿನ್ನ ಕೈ ಸರಿಹೋದ ದಿನ ಅದೇ ಗಾಡೀಲಿ ಹಾಕಿ ವಾಪಸ್ ಕಳಿಸ್ತೀನಿ, ನಿನ್ನನ್ನೂ ಕುರ್ಚೀನೂ," ಎಂದ. ಕತ್ತರಿಯಣ್ಣ ಆ ಮಾತನ್ನು ಹಿಡಿದುಕೊಂಡ. ಹಿಡಿದುಕೊಳ್ಳಲು ಅವನಿಗೆ ಬೇರೇನೂ ಇರಲಿಲ್ಲ.

ಮೊದಮೊದಲು ತಮ್ಮನಿಗೆ ಅಣ್ಣ ಎಂದರೆ ಊಟದ ತಟ್ಟೆ ಇಟ್ಟು ಹೋಗುವ ಒಂದು ಮೂಲೆ, ಅಷ್ಟೇ. ಅವನಿಗಿದ್ದ ಹುಚ್ಚು ಒಂದೇ, ಹಿತ್ತಿಲಿಗೆ ಬರುವ ಹಕ್ಕಿಗಳ ಫೋಟೋ. ಅದೂ ಕೈಗೆ ಹತ್ತಿರಲಿಲ್ಲ. ಪರದೆಯ ಹಿಂದೆ ಎಷ್ಟು ಅಡಗಿ ಕೂತರೂ ಹಕ್ಕಿಗಳ ಬಾಲ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. "ಮುಖ ತೋರ್ಸೋ ಹಕ್ಕಿ ಒಂದಾದ್ರೂ ಇದ್ಯಾ? ನಿಮ್ಮನ್ನ ಕಂಡ್ರೆ ಎಲ್ಲಾ ಬೆನ್ನು ತಿರುಗಿಸ್ತಾವೆ," ಎಂದು ಅವನ ಹೆಂಡತಿ ನಗುತ್ತಿದ್ದಳು. ಒಂದು ಬೆಳಿಗ್ಗೆ ಭಾವನನ್ನು ಬಿಸಿಲಿಗೆ ಕೂರಿಸಿ ಅವಳು ಬ್ರೆಡ್ಡು ಕೊಟ್ಟು ಹೋದಳು. ಚೂರುಗಳು ಅವನ ಬಲಗೈಗೆ ಉದುರಿದವು. ಗುಬ್ಬಿಯೊಂದು ಬಂದು ಅಂಗೈ ಮೇಲೆ ಕೂತು, ಮನೆಯವರಂತೆ ನಿಧಾನವಾಗಿ ತಿಂದು, ಮುಖ ಎತ್ತಿ ಕ್ಯಾಮೆರಾವನ್ನೇ ನೋಡಿತು. ನಡುಗದ ಕೈ, ಬೆಚ್ಚದ ಕೈ. ಮರದ ಕೊಂಬೆಗಾದರೂ ಗಾಳಿಯ ಭಯವಿದೆ, ಇದಕ್ಕೆ ಅದೂ ಇಲ್ಲ.

ಅಂದಿನಿಂದ ಅಣ್ಣನಿಗೆ ಎಲ್ಲಿಲ್ಲದ ಉಪಚಾರ. ಬೆಳಗಾಗೆದ್ದರೆ "ಅಣ್ಣಾ, ನಿದ್ದೆ ಬಂತಾ?" ಕುರ್ಚಿ ಹಿತ್ತಿಲಿಗೆ ಬಂತು. ಅದರಷ್ಟು ಅನುಕೂಲದ ಸಾಧನ ಯಾವ ಕ್ಯಾಮೆರಾ ಅಂಗಡಿಯಲ್ಲೂ ಸಿಗುವುದಿಲ್ಲ. ಬಿಸಿಲು ಬಂದತ್ತ ತಿರುಗಿಸಬಹುದು, ಬೇಕಾದಷ್ಟು ಏರಿಸಿ ಇಳಿಸಬಹುದು. ಚಳಿ ಶುರುವಾದಾಗ ದೂರದಿಂದ ವಲಸೆ ಬರುವ ಒಂದು ಪುಟ್ಟ ಹಕ್ಕಿ ಗೋಡೆಯ ಬುಡದಲ್ಲಿ ಕಾಣಿಸಿಕೊಂಡಿತು. ಕಂದು ಬೆನ್ನು, ನೀಲಿ ಕೊರಳು, ಕೊರಳ ನಡುವೆ ತುಕ್ಕಿನ ಬಣ್ಣದ ಒಂದು ಬೊಟ್ಟು. ತಮ್ಮ ಅದನ್ನು ನೀಲಿಗೊರಳು ಎಂದ. ಕಾಳು ಮುಟ್ಟದ ಜಾತಿ ಅದು. ಹಾಗಾಗಿ ಹುಳುಗಳು ಬಂದವು.

ಅಂಗೈ ಮೇಲೆ ನೀಲಿಗೊರಳು ಕೂತ ಒಂದು ಫೋಟೋಗೆ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಬಂತು. ಗೋಡೆಗೆ ತೂಗುಹಾಕಿದ ಅದರಲ್ಲಿ ಕೈ ಮಣಿಕಟ್ಟಿನವರೆಗೆ ಮಾತ್ರ ಇತ್ತು. ನೋಡಲು ಬಂದ ನೆರೆಯವರೊಬ್ಬರು, "ಯಾರದ್ದು ಕೈ?" ಎಂದು ಕೇಳಿದರು. ತಮ್ಮ, "ಮನೇದೇ," ಎಂದ. ಕತ್ತರಿಯಣ್ಣ ಅಲ್ಲೇ ಕೂತಿದ್ದ.

ಇಷ್ಟೆಲ್ಲ ಆಗಿದ್ದರೂ ಅವನಿಗೆ ಹಕ್ಕಿಯ ಮೇಲೆ ಸಿಟ್ಟಿರಲಿಲ್ಲ. ತಮ್ಮ ಕುರ್ಚಿ ಏರಿಸಿ ಒಳಗೆ ಓಡಿದ ಆ ಬೆಳಿಗ್ಗೆಯೂ ಅವನು ಗೋಡೆಯ ಬುಡವನ್ನೇ ನೋಡುತ್ತ ಅದಕ್ಕಾಗಿ ಕಾದಿದ್ದ. ಇಡೀ ದಿನದಲ್ಲಿ ತಾನಾಗಿಯೇ ಅವನ ಹತ್ತಿರ ಬರುತ್ತಿದ್ದುದು ಅದೊಂದೇ. ಆಗ ಅಂಗೈಯಲ್ಲಿ ಏನೋ ಆಯಿತು. ಮೊದಲು ಅವನು ನಂಬಲಿಲ್ಲ. ಮತ್ತೆ ಆಯಿತು. ಕಚಗುಳಿ. ಬಗ್ಗಿ ನೋಡಿದರೆ ಹುಳುವೊಂದು ಗುಳಿಯಿಂದ ಎದ್ದು ಹೆಬ್ಬೆರಳ ಬುಡಕ್ಕೆ ಹರಿಯುತ್ತಿತ್ತು. ಅದರ ಕಾಲುಗಳು ಅವನಿಗೆ ಗೊತ್ತಾಗುತ್ತಿದ್ದವು! ಅಸಹ್ಯ, ಮೈ ಜುಮ್ಮೆನ್ನುವ ಅಸಹ್ಯ. ಆದರೆ ಅಷ್ಟು ಸುಖದ ಅಸಹ್ಯವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನೀಲಿಗೊರಳು ಹಾರಿಬಂದು ಕೂತಾಗ ಅದರ ಉಗುರುಗಳೂ ತಿಳಿದವು. ಸೋಪಿನ ಬ್ರಷ್ಷಿನಷ್ಟೂ ತೂಕವಿಲ್ಲದ ಪ್ರಾಣಿ, ಹೊಟ್ಟೆ ಮಾತ್ರ ಬೆಚ್ಚಗೆ. ಕತ್ತರಿಯಣ್ಣ ಅಲ್ಲಾಡದೆ ಅತ್ತ.

ವಾರಕ್ಕೊಮ್ಮೆ ಆಸ್ಪತ್ರೆಯಿಂದ ಕೈಕಾಲಿಗೆ ಕಸರತ್ತು ಮಾಡಿಸಲು ಒಬ್ಬಳು ಹುಡುಗಿ ಬರುತ್ತಿದ್ದಳು. ಅವನ ಅಂಗೈಗೆ ರಬ್ಬರ್ ಚೆಂಡು ಇಟ್ಟು, "ಹಿಸುಕಿ ನೋಡೋಣ ಅಂಕಲ್," ಎನ್ನುವುದು, ಏನೂ ಆಗದಿದ್ದರೆ, "ಪರವಾಗಿಲ್ಲ, ಮುಂದಿನ್ವಾರ," ಎನ್ನುವುದು ಅವಳ ರೂಢಿ. ಈ ಸಲ ಚೆಂಡು ತಗ್ಗಿತು. ಅವಳು ಕಿರುಚಿಯೇ ಬಿಟ್ಟಳು.

"ಬಂತು! ಬೆರಳು ಬಂತು! ಮಡಚೋದು ಮೊದ್ಲು ಬರತ್ತೆ ಅಂಕಲ್, ಬಿಡಿಸೋದು ಆಮೇಲೆ. ಮುಷ್ಟಿ ಕಟ್ಟಿದ್ರೆ ತಾನಾಗೇ ಬಿಡೋಕಾಗಲ್ಲ, ಈ ಕಡೆ ಕೈಯಿಂದ ಬಿಡಿಸ್ಕೋಬೇಕು. ಹೆದರಬೇಡಿ. ದಿನಾ ಮಾಡಿದ್ರೆ ಬಿಡಿಸೋದೂ ಬರತ್ತೆ, ಕತ್ತರಿ ಹಿಡಿಯೋದೂ ಬರತ್ತೆ."

"ಅಂ... ಗಡಿ," ಎಂದ ಕತ್ತರಿಯಣ್ಣ.

"ಅಂಗಡೀಗೂ ಹೋಗ್ತೀರ. ಮೊದಲ್ನೇ ಗಿರಾಕಿ ನಾನೇ, ಆಯ್ತಾ? ನನ್ನ ಜುಟ್ಟು ನಿಮಗೇ."

ಬಾಗಿಲಲ್ಲಿ ನಿಂತಿದ್ದ ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. ಹುಡುಗಿಯನ್ನು ಗೇಟಿನವರೆಗೆ ಬಿಟ್ಟುಬರಲು ಹೋದ. ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕತ್ತರಿಯಣ್ಣ ಬಾಗಿಲು ತೋರಿಸಿ ತೋರಿಸಿ ಕೇಳಿದಾಗ ತಮ್ಮ ಪಕ್ಕದಲ್ಲಿ ಕೂತು, ಮಗುವಿಗೆ ಔಷಧಿ ಕುಡಿಸುವವನ ದನಿಯಲ್ಲಿ ಹೇಳಿದ:

"ನಾನೇ ಬೇಡ ಅಂದೆ ಅಣ್ಣ. ಸ್ವಲ್ಪ ದಿನ ಅಷ್ಟೇ. ಪತ್ರಿಕೆಯವರು ವೀಡಿಯೋ ಮಾಡೋಕೆ ಬರ್ತಿದಾರೆ, ದೊಡ್ಡ ಪತ್ರಿಕೆ. ಅವಳ ಕಸರತ್ತಿಂದ ನಿನ್ನ ಬೆರಳು ಎಳೀತಿದೆ. ನಿನ್ನೆ ನೋಡಿದ್ಯಲ್ಲ, ಹಕ್ಕಿ ಕೂತ ತಕ್ಷಣ ಬೆದರಿ ಹಾರಿಹೋಯ್ತು. ಇಷ್ಟು ದಿನ ಕಾದಿದೀಯ, ಇನ್ನೊಂದಿಷ್ಟು ದಿನ ಸುಮ್ನಿದ್ರೆ ಕೈ ಎಲ್ಲಿ ಓಡಿಹೋಗತ್ತೆ?"

ಕೈ ಓಡಿಹೋಗುತ್ತದೆ. ಬಿಟ್ಟರೆ ಮತ್ತೆ ಮರಗಟ್ಟುತ್ತದೆ ಎಂದು ಹುಡುಗಿ ಮೊದಲ ದಿನವೇ ಎಚ್ಚರಿಸಿದ್ದಳು, ತಮ್ಮನ ಎದುರಿಗೇ. ಕತ್ತರಿಯಣ್ಣನಿಗೆ ಅದನ್ನು ನೆನಪಿಸಬೇಕಿತ್ತು. ಬಾಯಿಂದ "ಬಿ... ಬಿ..." ಎಂಬುದಷ್ಟೇ ಬಂತು. ಹಿಂದೆ ಒಂದು ಮಾತಿಗೆ ಅಂಗಡಿಯೆಲ್ಲ ನಗುವಂತೆ ಮಾಡುತ್ತಿದ್ದ ನಾಲಿಗೆ! ತಮ್ಮ ಅವನ ಭುಜ ತಟ್ಟಿ ಎದ್ದ.

ಚೆಂಡನ್ನು ಅಟ್ಟದ ಮೇಲೆ ಎಸೆಯಲಾಯಿತು. ಕತ್ತರಿಯಣ್ಣ ಸೋಪನ್ನು ಹಿಡಿದುಕೊಂಡ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಎಡಗೈಯಿಂದ ಬಲಗೈಯೊಳಗೆ ಸೋಪಿಟ್ಟು, ಅದು ಜಾರಿ ಬೀಳುವವರೆಗೂ ಹಿಸುಕಿದ. ಒಂದು ದಿನ ಸೋಪು ಜಾರಲಿಲ್ಲ. ಬೆರಳುಗಳ ಗುರುತು ಅದರ ಮೇಲೆ ಆಳವಾಗಿ ಮೂಡಿತ್ತು. ಆದರೆ ಬಿಡಿಸಲು ಹೋದರೆ ಬೆರಳು ಕೇಳವು. ಎಡಗೈಯಿಂದ ಒಂದೊಂದನ್ನೇ ಕಿತ್ತು ಸೋಪು ಹೊರತೆಗೆಯಬೇಕಾಯಿತು. ಆಗಲಿ, ಮಡಚುವುದು ಬಂತಲ್ಲ. ತಮ್ಮನಿಗೆ ತೋರಿಸಿದರೆ ಪ್ರಯೋಜನವಿಲ್ಲ, ಅವನು ಕಣ್ಣಿದ್ದೂ ಕುರುಡ. ಪತ್ರಿಕೆಯವರ ಎದುರಿಗೇ ಕೈ ಮಡಚಿ ತೋರಿಸುವುದು, ನಾಲ್ಕು ಜನರ ಮುಂದೆ ಆದರೆ ತಮ್ಮ ಕೊಟ್ಟ ಮಾತು ತಪ್ಪಲಾರ ಎಂದು ಲೆಕ್ಕ ಹಾಕಿದ. ಹಕ್ಕಿ ತಿಂದು ಹಾರಿಹೋದ ಮೇಲೆ ತೋರಿಸಬೇಕು. ಪಾಪ, ಅದರ ಊಟ ಯಾಕೆ ಕೆಡಿಸಬೇಕು?

ಅವರು ಬರುವ ಹಿಂದಿನ ದಿನ ತಮ್ಮ ಅಡುಗೆಮನೆಯಿಂದ ಒಂದು ಹಲಗೆ ತಂದು, ಅಣ್ಣನ ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಒತ್ತಿ ಬಟ್ಟೆಪಟ್ಟಿಯಿಂದ ಬಿಗಿದ. ಬೆಳಿಗ್ಗೆವರೆಗೆ ಹಾಗೇ ಇದ್ದರೆ ಬೆರಳು ಮುದುಡುವುದಿಲ್ಲವಂತೆ. ತಮ್ಮನ ಹೆಂಡತಿ ಪಟ್ಟಿಯ ತುದಿ ಹಿಡಿದುಕೊಂಡಳು.

"ನೋವಾಗ್ತಿದೆ ಅನ್ಸತ್ತೆ ರೀ, ಮುಖ ನೋಡಿ."

"ಅವನ ಮುಖ ಯಾವಾಗ್ಲೂ ಹಾಗೇ ಇರತ್ತೆ."

ಅವಳು ಪಟ್ಟಿಯನ್ನು ಬಿಡಲಿಲ್ಲ, ಎಳೆಯಲೂ ಇಲ್ಲ. "ಒಂದಿನ ತಡ್ಕೊಳಿ ಭಾವ," ಎಂದಳು, ಭಾವನ ಕಡೆ ನೋಡದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಅದನ್ನು ನೋಡುತ್ತ ನಿಂತವರಿಗೆ ಏನು ಎಂದು ಗಾದೆ ಹೇಳುವುದಿಲ್ಲ.

ಪತ್ರಿಕೆಯವರೊಬ್ಬರು ಹತ್ತು ಜೇಬಿನ ಅಂಗಿ ತೊಟ್ಟು ಹೊತ್ತಿಗೆ ಸರಿಯಾಗಿ ಬಂದರು. ಸಭ್ಯ ಮನುಷ್ಯ. ಕತ್ತರಿಯಣ್ಣನಿಗೆ ಕೈ ಮುಗಿದು, "ನಿಮ್ಮ ಕೈ ಎಲ್ಲೆಡೆ ಫೇಮಸ್ಸು," ಎಂದು ನಕ್ಕರು. ಅವರು ಕ್ಯಾಮೆರಾ ತೆಗೆಯಲು ಆಚೆ ತಿರುಗಿದಾಗ ತಮ್ಮ ಹಲಗೆ ಬಿಚ್ಚಿ, ಚಪ್ಪಟೆಯಾಗಿ ಬಿಳಿಚಿದ ಕೈಯನ್ನು ಕುರ್ಚಿಯ ತೋಳಿಗೆ ತಂದು, ಅಂಗಿಯ ತೋಳಿನ ಒಳಗೆ ಯಾರಿಗೂ ಕಾಣದಂತೆ ಮಣಿಕಟ್ಟನ್ನು ಬಟ್ಟೆಪಟ್ಟಿಯಿಂದ ಅದಕ್ಕೆ ಕಟ್ಟಿದ. ಹಸಿರು ಬಟ್ಟೆ ಹೊದಿಸಿದ. ಹುಳು ಹಾಕಿದ. ಅಂದು ಒಂದು ಹಿಡಿ.

"ಅಲ್ಲಾಡಬೇಡ ಅಣ್ಣ. ಇದೊಂದು ದಿನ."

ಇಬ್ಬರೂ ಪರದೆಯ ಹಿಂದೆ ಹೋದರು. ಕಿಟಕಿ ಕುರ್ಚಿಯಿಂದ ನಾಲ್ಕು ಹೆಜ್ಜೆ, ಗಾಜು ತೆರೆದೇ ಇತ್ತು. ಪಿಸುಮಾತು ಕೂಡ ಕತ್ತರಿಯಣ್ಣನ ಬೆನ್ನಿಗೆ ಬಂದು ಬೀಳುತ್ತಿತ್ತು. ಕೈ ಸತ್ತವನ ಕಿವಿಯೂ ಸತ್ತಿರುತ್ತದೆ ಎಂದು ತಮ್ಮ ಎಂದೋ ತೀರ್ಮಾನ ಮಾಡಿಕೊಂಡಿದ್ದ.

ನೀಲಿಗೊರಳು ಗೋಡೆಯ ಬುಡದಲ್ಲಿ ಕಾಣಿಸಿತು. ಬಾಲ ಕುಣಿಸಿ, ಎರಡು ಸಲ ನೆಗೆದು, ಬಕೆಟ್ಟಿನ ಅಂಚಿಗೆ ಬಂದು, ಅಲ್ಲಿಂದ ನೇರ ಅಂಗೈಗೆ ಹಾರಿತು. ಉಗುರು ಚರ್ಮಕ್ಕೆ ಹಿತವಾಗಿ ಚುಚ್ಚಿತು. ಮೊದಲ ಹುಳು ನುಂಗಿ ಕೊರಳೆತ್ತಿದಾಗ ಬಿಸಿಲಿನಲ್ಲಿ ಆ ನೀಲಿ ಹೊಳೆಯಿತು. ಕತ್ತರಿಯಣ್ಣ ಉಸಿರು ಹಿಡಿದು ಕೂತ. ತಿನ್ನು ತಾಯಿ, ನಿಧಾನವಾಗಿ ತಿನ್ನು ಎಂದು ಮನಸ್ಸಿನಲ್ಲೇ ಅಂದ.

"ಅದ್ಭುತ!" ಕಿಟಕಿಯಿಂದ ಪತ್ರಿಕೆಯವರ ಪಿಸುದನಿ. "ಅವರಿಗೆ ಚುಚ್ಚಲ್ವಾ?"

"ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ ಸಾರ್. ಪೂರ್ತಿ ಸತ್ತಿದೆ. ಇನ್ನು ಬರಲ್ಲ ಅಂತ ಡಾಕ್ಟರೇ ಹೇಳಿಬಿಟ್ರು."

"ಮುಂಚೆ ಏನು ಮಾಡ್ತಿದ್ರು?"

"ಕ್ಷೌರದಂಗಡಿ ಇತ್ತು. ಮೊನ್ನೆ ಬಿಟ್ಟುಕೊಟ್ಟೆ, ಅಲ್ಲೀಗ ಮೊಬೈಲ್ ಅಂಗಡಿ ಬರ್ತಿದೆ. ಕನ್ನಡಿ, ಕತ್ತರಿ, ಹಾಸಿಗೆ, ಎಲ್ಲಾ ಗುಜರಿಗೆ ಹೋಯ್ತು. ಈ ಕುರ್ಚಿ ಮಾತ್ರ ಉಳಿಸ್ಕೊಂಡೆ. ಇಂಥ ಸ್ಟ್ಯಾಂಡ್ ಎಲ್ಲಿ ಸಿಗತ್ತೆ ಹೇಳಿ ಸಾರ್?"

ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು, ಹಕ್ಕಿ ಬೆದರಬಾರದಲ್ಲ.

ಕತ್ತರಿಯಣ್ಣನ ಕಣ್ಣ ಮುಂದೆ ಕನ್ನಡಿ ಬಂತು. ಎದುರು ಬದುರು ಎರಡು ಕನ್ನಡಿ, ಒಂದರೊಳಗೊಂದು ಸಾಲಾಗಿ ಸಾವಿರ ಅಂಗಡಿ, ಸಾವಿರ ಕುರ್ಚಿ, ಪ್ರತಿಯೊಂದರ ಹಿಂದೆಯೂ ಕತ್ತರಿ ಹಿಡಿದ ತಾನು. ಎಲ್ಲ ಗುಜರಿಗೆ. ಕೂಗಲು ಬಾಯಿ ತೆರೆದ, ಮಾತು ಹೊರಬೀಳಲಿಲ್ಲ. ಎಡಗೈ ಹಸಿರು ಬಟ್ಟೆಯೊಳಗೆ ಸಿಕ್ಕಿಕೊಂಡಿತ್ತು. ಕಾಲು ನೆಲಕ್ಕೆ ಎಟುಕದಷ್ಟು ಎತ್ತರಕ್ಕೆ ಕುರ್ಚಿ ಏರಿತ್ತು. ಇಡೀ ಮೈಯಲ್ಲಿ ಅವನ ಮಾತು ಕೇಳುವುದು ಅಂತ ಉಳಿದಿದ್ದು ಒಂದೇ, ಆ ಸತ್ತ ಕೈ.

ಅದರಲ್ಲಿ ಹಕ್ಕಿ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅದರ ಬೆಚ್ಚಗಿನ ಹೊಟ್ಟೆ ಅಂಗೈಗೆ ತಾಗುತ್ತಲೇ ಇತ್ತು. ಅವನು ಕೈ ಮಡಚಿದ.

ಬಚ್ಚಲಿನಲ್ಲಿ ಬಾರದಿದ್ದ ಬಲ ಬಂತು. ಐದೂ ಬೆರಳು ಒಟ್ಟಿಗೇ ಬಂದವು. ರೆಕ್ಕೆ ಒಂದು ಸಲ ಪಟಪಟ ಎಂದಿತು, ಬಾಲ ಹೆಬ್ಬೆರಳ ಸಂದಿನಿಂದ ಹೊರಗೆ ನಡುಗಿತು, ಚಿವ್ ಎಂಬ ಒಂದು ಸಣ್ಣ ಸದ್ದು.

"ಅಣ್ಣಾ! ಬಿಡೋ! ಬಿಡು ಅಂತೀನಿ!" ತಮ್ಮ ಪರದೆ ಕಿತ್ತುಕೊಂಡು ಓಡಿಬಂದ.

ಕತ್ತರಿಯಣ್ಣನೂ ಅದನ್ನೇ ಹೇಳುತ್ತಿದ್ದ. ಬಿಡು, ಬಿಡು ಎಂದು ಬೆರಳುಗಳಿಗೆ ಒಳಗೊಳಗೇ ಅಂಗಲಾಚುತ್ತಿದ್ದ. ಮಡಚಿದ ಆ ಕ್ಷಣಕ್ಕೇ ಅವನಿಗೆ ಸಾಕಾಗಿ ಹೋಗಿತ್ತು. ಒಳಗೆ ಪುಟ್ಟ ಎದೆ ಹೊಡೆದುಕೊಳ್ಳುವುದು ಅಂಗೈಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಇಷ್ಟು ಚೆನ್ನಾಗಿ ಆ ಕೈಗೆ ಎಂದೂ ಏನೂ ಗೊತ್ತಾಗಿರಲಿಲ್ಲ. ಬೆರಳು ಇನ್ನಷ್ಟು ಬಿಗಿದವು. ಮಡಚುವುದು ಮೊದಲು ಬರುತ್ತದೆ, ಬಿಡಿಸುವುದು ಆಮೇಲೆ. ಎಡಗೈಯನ್ನು ಬಟ್ಟೆಯಿಂದ ಬಿಡಿಸಿಕೊಳ್ಳಲು ಒದ್ದಾಡಿದ. ತಮ್ಮ ಕಟ್ಟಿದ ಗಂಟು ಗಟ್ಟಿಯಾಗಿತ್ತು.

"ಬೇಕಂತಲೇ ಮಾಡ್ತಿದಾನೆ ನೋಡಿ ಸಾರ್! ಬೇಕಂತಲೇ!" ತಮ್ಮ ಮುಷ್ಟಿಯನ್ನು ಹಿಡಿದು ಎಳೆದ. ಮಣಿಕಟ್ಟಿನ ಪಟ್ಟಿ ಅಂಗಿಯ ತೋಳಿನಿಂದ ಹೊರಬಿತ್ತು.

ಪತ್ರಿಕೆಯವರು ಆ ಪಟ್ಟಿಯನ್ನು ನೋಡಿದರು. ಕುರ್ಚಿಯನ್ನು ನೋಡಿದರು. "ಕೈ ಸತ್ತಿದೆ ಅಂದ್ರಿ?" ಎಂದರು, ಮೆಲ್ಲಗೆ. ಉತ್ತರಕ್ಕೆ ಕಾಯದೆ ಕ್ಯಾಮೆರಾವನ್ನು ಚೀಲಕ್ಕೆ ಹಾಕತೊಡಗಿದರು.

ತಮ್ಮನ ಹೆಂಡತಿ ಓಡಿಬಂದು ಗಂಡನ ಕೈ ಸರಿಸಿದಳು. ಭಾವನ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಎತ್ತಿದಳು. ಒಂದನ್ನು ಎತ್ತಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಮುಚ್ಚುತ್ತಿತ್ತು. ಕಡೆಗೆ ಎರಡೂ ಕೈ ಹಾಕಿ ಅಗಲಿಸಿ ಹಕ್ಕಿಯನ್ನು ಹೊರತೆಗೆದಳು. ಕತ್ತು ಒಂದು ಕಡೆ ಜೋತಿತ್ತು. ಕೊರಳ ನೀಲಿ ಹಾಗೇ ಇತ್ತು.

ತಮ್ಮ ಅದನ್ನು ಹೆಂಡತಿಯ ಕೈಯಿಂದ ಕಿತ್ತುಕೊಂಡು, ಅಣ್ಣನ ಮೂಗಿನ ಹತ್ತಿರ ಹಿಡಿದ. "ನಿನ್ನ ಕೈ ಬಿದ್ದುಹೋಗ!" ಎಂದ. ಎಂದವನಿಗೆ ತನ್ನ ಮಾತೇ ಕೇಳಿಸಿರಬೇಕು, ಮುಖ ಕಪ್ಪಿಟ್ಟಿತು. ಹಕ್ಕಿಯನ್ನು ಗೋಡೆಯ ಕಡೆಗೆ ಎಸೆದು, ಗೇಟು ದಾಟುತ್ತಿದ್ದ ಪತ್ರಿಕೆಯವರ ಹಿಂದೆ "ಸಾರ್, ಸಾರ್" ಎನ್ನುತ್ತ ಓಡಿದ. ಭಾವನ ಕಡೆ ಕೈ ಚಾಚಿದ ತಮ್ಮನ ಹೆಂಡತಿ, ತನ್ನ ಕೈಗೆ ಅಂಟಿದ್ದ ಪುಕ್ಕ ನೋಡಿ, ಅದನ್ನು ತೊಳೆಯಲು ಒಳಗೆ ಹೋದಳು.

ಕುರ್ಚಿ ಇಳಿಸುವುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಕತ್ತರಿಯಣ್ಣ ಹಸಿರು ಬಟ್ಟೆ ಹೊದ್ದು, ಕಾಲು ಜೋತುಬಿಟ್ಟುಕೊಂಡು, ಮೇಲೇ ಕೂತಿದ್ದ. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆಲ್ಲ ಹರಡಿತು. ಬಲಗೈ ಮತ್ತೆ ತಾನಾಗಿ ಮುಷ್ಟಿ ಕಟ್ಟಿಕೊಂಡಿತ್ತು. ಹಕ್ಕಿ ತಿನ್ನದೆ ಬಿಟ್ಟ ಹುಳುವೊಂದು ಆ ಮುಷ್ಟಿಯೊಳಗೆ ದಾರಿ ಹುಡುಕುತ್ತ, ಒಂದು ಬೆರಳ ಸಂದಿನಿಂದ ಇನ್ನೊಂದಕ್ಕೆ ತಿರುಗುತ್ತಿತ್ತು. ಅದರ ಒಂದೊಂದು ಕಾಲೂ ಅವನಿಗೆ ಗೊತ್ತಾಗುತ್ತಿತ್ತು.